ಮಳೆ ಪುಸ್ತಕದ ಪೆಟ್ಟಿಗೆ: ನಾಲ್ಕನೇ ತಿಂಗಳ ವರದಿ

ಮೂರು ದಿನ ಕರೆಂಟ್ ಇರಲಿಲ್ಲ. ಸಿಲ್ವರ್ ಓಕ್ ಮರವೊಂದು ಲೈನ್ ಮೇಲೆ ಬಿದ್ದಿತ್ತು. ಇನ್ವರ್ಟರ್ ಮೊದಲ ರಾತ್ರಿಯೇ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ನಮ್ಮ ಮಳೆ ಲೆಕ್ಕ ಕಾಯುವ ಪೆಟ್ಟಿಗೆ, ಅಂದರೆ ಒಂದು ಪುಟ್ಟ ಕಂಪ್ಯೂಟರ್, ತಾನಾಗಿಯೇ ಎದ್ದು ಕೂತಿತು, ಒಂದು ಫೈಲೂ ಕೆಟ್ಟಿಲ್ಲ. ಮಾರ್ಚ್‌ನಲ್ಲಿ ಹೀಗಿರಲಿಲ್ಲ. ಆಗ ಎಲ್ಲವೂ ಮೆಮೊರಿ ಕಾರ್ಡ್‌ನಲ್ಲಿತ್ತು, ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಎರಡು ಕಾರ್ಡ್ ಸತ್ತವು. ಈಗ ಕಾರ್ಡ್‌ಗಿಂತ ಗಟ್ಟಿಯಾದ ಎಸ್‌ಎಸ್‌ಡಿ ಡಿಸ್ಕ್ ಹಾಕಿದ್ದೇನೆ.

ಹೊಸದಾಗಿ ಓದುವವರಿಗೆ ಹಿಂದಿನ ಕಥೆ. ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಅಜ್ಜ 1968ರಿಂದ ಮಳೆ ಪುಸ್ತಕ ಬರೆದಿಟ್ಟಿದ್ದರು, ಆಮೇಲೆ ಅಪ್ಪ. ದಿನಾ ಬೆಳಗ್ಗೆ ಮಳೆಮಾಪಕದ ನೀರು ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆಯುವುದು. ಕೊಡಗಿನಲ್ಲಿ ಇದೇನು ವಿಶೇಷವಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು ಅನ್ನುವುದರ ಮೇಲೆ ಫಸಲು ನಿಂತಿದೆ ಅಲ್ವಾ. 2017ರಲ್ಲಿ ನಾನು ಜಾಣತನ ತೋರಿಸಲು ಹೋಗಿ ಪುಸ್ತಕ ನಿಲ್ಲಿಸಿಬಿಟ್ಟೆ. ಎಲ್ಲವನ್ನೂ ಒಂದು ಪುಕ್ಕಟೆ ಆ್ಯಪ್‌ಗೆ ತುಂಬಿದೆ. ನಾಲ್ಕು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಆ್ಯಪ್ ಮುಚ್ಚಿತು. 'ನಿಮ್ಮ ಮಾಹಿತಿ ಇಳಿಸಿಕೊಳ್ಳಿ' ಎಂಬ ಮೇಲ್ ಬಂದದ್ದು ಕಾಫಿ ಕೊಯ್ಲಿನ ನಡುವೆ. ನೋಡಲೇ ಇಲ್ಲ. 2018ರ ಆಗಸ್ಟ್ ಕೂಡ ಅದರಲ್ಲೇ ಹೋಯಿತು. ಗುಡ್ಡಗಳು ಕುಸಿದ ಆ ತಿಂಗಳು ನಮ್ಮ ತೋಟದಲ್ಲಿ ಎಷ್ಟು ಮಳೆಯಾಯಿತು ಎಂದು ಕೇಳಿದರೆ ಇವತ್ತು ನಮ್ಮ ಹತ್ತಿರ ಉತ್ತರವಿಲ್ಲ.

"ಗೆದ್ದಲು ಐವತ್ತು ವರ್ಷದಲ್ಲಿ ತಿನ್ನದ್ದನ್ನು ನಿನ್ನ ಆ್ಯಪ್ ಒಂದೇ ದಿನಕ್ಕೆ ತಿಂದಿತು" ಎಂದರು ಅಪ್ಪ.

ಅದಕ್ಕೇ ಈ ಪೆಟ್ಟಿಗೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಒಂದು ಟೆರಾಬೈಟ್ ಡಿಸ್ಕ್, ಹಲವು ಸಾಧನಗಳಲ್ಲಿ ಒಂದೇ ಫೈಲ್‌ಗಳಿರುವಂತೆ ನೋಡಿಕೊಳ್ಳುವ ಸಿಂಕ್‌ಥಿಂಗ್ ಎಂಬ ತಂತ್ರಾಂಶ. ಇದರಲ್ಲಿ ನಡುವೆ ಯಾರ ಸರ್ವರ್‌ನಲ್ಲೂ ನಮ್ಮ ಫೈಲ್ ಕೂರುವುದಿಲ್ಲ. ಅಪ್ಪನ ಫೋನ್, ಮನೆಯ ಪೈ, ಮೈಸೂರಿನ ಅಕ್ಕನ ಮನೆಯಲ್ಲಿ ಇನ್ನೊಂದು ಪೈ. ಮೂರೂ ಪರಸ್ಪರ ಗುರುತು ಹಿಡಿದು ನೇರವಾಗಿ ಮಾತಾಡುತ್ತವೆ.

ನೇರವಾಗಿ ಎಂದೆ, ಆದರೆ ಅಲ್ಲೇ ಎರಡು ವಾರ ಸಿಕ್ಕಿಹಾಕಿಕೊಂಡಿದ್ದೆ. ಇಂಟರ್ನೆಟ್ಟಿನಲ್ಲಿ ಸಾಧನಗಳನ್ನು ಗುರುತಿಸುವ ಹಳೆಯ ಪದ್ಧತಿಯ ಐಪಿವಿ4 ವಿಳಾಸ ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಸಾಲುವುದಿಲ್ಲವಾದ್ದರಿಂದ ಇಂಟರ್ನೆಟ್ ಕೊಡುವವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೆ. ತೋಟದ ಕೆಲಸಗಾರರ ಲೈನ್ ಮನೆಗಳಿಗೆಲ್ಲ ಒಂದೇ ಅಂಚೆ ಡಬ್ಬ ಇಟ್ಟ ಹಾಗೆ. ಒಳಗಿನಿಂದ ಕಾಗದ ಹೋಗುತ್ತದೆ, ಹೊರಗಿನಿಂದ ನಮ್ಮ ಬಾಗಿಲಿಗೇ ಬರುವುದಿಲ್ಲ. ಆಗ ಸಿಂಕ್‌ಥಿಂಗ್ ಸ್ವಯಂಸೇವಕರು ನಡೆಸುವ ರಿಲೇಗಳ (ಫೈಲ್ ದಾಟಿಸಿ ಬಿಡುವ ನಡುವಿನ ಕಂಪ್ಯೂಟರ್‌ಗಳ) ಮೂಲಕ ಫೈಲ್ ಸಾಗಿಸುತ್ತದೆ. ಗೂಢಲಿಪಿಯಲ್ಲೇ ಹೋಗುವುದರಿಂದ ಅವರಿಗೆ ಏನೂ ಓದಲಾಗದು. ಆದರೆ ನಿಧಾನ, ಭಾರೀ ನಿಧಾನ. ರೂಟರಿನಲ್ಲಿ ವಿಳಾಸಗಳಿಗೆ ಬರವಿಲ್ಲದ ಹೊಸ ಪದ್ಧತಿ ಐಪಿವಿ6 ಚಾಲೂ ಮಾಡಿದ ಮೇಲೆ ದಾರಿ ತೆರೆಯಿತು.

ಮೇ ತಿಂಗಳಲ್ಲಿ ದೊಡ್ಡ ಎಡವಟ್ಟು. ಫೋನ್ ತುಂಬಿತೆಂದು ಅಪ್ಪ ಫೋಟೊಗಳನ್ನೆಲ್ಲ ಅಳಿಸಿದರು. ಸಿಂಕ್‌ಥಿಂಗ್ ವಿಧೇಯ ಕೆಲಸಗಾರ. ಮನೆಯ ಪೈಯಲ್ಲೂ ಅಳಿಸಿತು. ಅದರಲ್ಲಿ ಮಳೆ ಪುಸ್ತಕದ ಪುಟಗಳ ಫೋಟೊಗಳೂ ಇದ್ದವು. ಪುಸ್ತಕವೇನೋ ಕಪಾಟಿನಲ್ಲಿತ್ತು, ಆದರೆ ಅಷ್ಟನ್ನೂ ಮತ್ತೆ ತೆಗೆಯಬೇಕಲ್ಲ! ಉಳಿಸಿದ್ದು ಅಕ್ಕನ ಮಿಕ್ಸಿ. ಚಟ್ನಿ ರುಬ್ಬಲು ಪೈಯ ಪ್ಲಗ್ ಕಿತ್ತವಳು ಮತ್ತೆ ಹಾಕಿರಲಿಲ್ಲ, ಹಾಗಾಗಿ ಅಳಿಸಿದ ಸುದ್ದಿ ಅಲ್ಲಿಗೆ ತಲುಪಿರಲಿಲ್ಲ. "ಅಕ್ಕಾ, ಮೊದಲು ನೆಟ್ ಕೇಬಲ್ ಕಿತ್ತುಹಾಕು, ಆಮೇಲೆ ಆನ್ ಮಾಡು" ಎಂದು ಫೋನಿನಲ್ಲಿ ಕಿರುಚಿದೆ. ಎಲ್ಲ ಸಿಕ್ಕಿತು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಓದಿ ಗೊತ್ತಿತ್ತು, ಕಲಿತದ್ದು ಆವತ್ತು. ಈಗ ಎರಡೂ ಪೈಗಳಲ್ಲಿ ಹಳೆಯ ಪ್ರತಿ ಇಟ್ಟುಕೊಳ್ಳುವ ಆಯ್ಕೆ ಹಾಕಿದ್ದೇನೆ, ಬೇರೆಡೆ ಅಳಿಸಿದ್ದು ಒಂದು ವರ್ಷ ಪಕ್ಕದ ಫೋಲ್ಡರಿನಲ್ಲಿ ಇರುತ್ತದೆ. ಭಾನುವಾರ ಬಿಡಿ ಡಿಸ್ಕ್‌ಗೆ ಇನ್ನೊಂದು ಪ್ರತಿ.

ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ ಕೂಡ 2024ರ ಡಿಸೆಂಬರಿಗೆ ನಿಂತುಹೋಗಿದೆ. ತಿಳಿದಾಗ ಎದೆ ಧಸಕ್ಕೆಂದಿತು, ಮತ್ತೆ ಅದೇ ಕಥೆಯಾ ಎಂದು. ಆದರೆ ಕೋಡ್ ಯಾರಾದರೂ ಬಳಸಿ ಬದಲಿಸುವಂತೆ ಮುಕ್ತವಾಗಿದ್ದರಿಂದ ಅದರಿಂದಲೇ ಬೇರೆಯವರು ಮಾಡಿದ ಕವಲು ಆವೃತ್ತಿ ಆಗಲೇ ಇತ್ತು. ಅಪ್ಪನ ಫೋನಿನಲ್ಲಿರುವುದು ಅದೇ. ಫೈಲ್‌ಗಳು ಹೇಗೂ ನಮ್ಮ ಡಿಸ್ಕ್‌ನಲ್ಲೇ ಇವೆ.

ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರ ಸಾಲಿಡ್ ಯೋಜನೆಯನ್ನೂ ನೋಡಿದೆ. ಮಾಹಿತಿ 'ಪಾಡ್' ಎಂಬ ನಮ್ಮದೇ ಹಿಡಿತದ ಸಂಗ್ರಹದಲ್ಲಿರುತ್ತದೆ, ಆ್ಯಪ್‌ಗಳು ನಮ್ಮ ಅಪ್ಪಣೆ ಕೇಳಿ ಓದುತ್ತವೆ. ಯೋಚನೆ ಚಂದ. ನಮ್ಮ ಮಳೆ ಲೆಕ್ಕಕ್ಕೆ ಅಷ್ಟೆಲ್ಲ ಬೇಕಿಲ್ಲ ಅನ್ನಿಸಿ ಬಿಟ್ಟೆ.

ಆ್ಯಪ್ ಮುಚ್ಚಿದಂಥ ಹೊತ್ತಲ್ಲಿ ಕಾನೂನು ಕಾಪಾಡುತ್ತಿತ್ತಾ ಎಂದು ಅಕ್ಕ ಕೇಳಿದಳು. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಿದ್ದಿಸುವ, ಅಳಿಸುವ ಹಕ್ಕಿದೆ. ನಮ್ಮ ಮಾಹಿತಿಯನ್ನು ಗಂಟು ಕಟ್ಟಿ ಬೇರೆಡೆ ಒಯ್ಯುವ ಹಕ್ಕು 2019ರ ಮಸೂದೆಯಲ್ಲಿತ್ತು, ಕಾಯ್ದೆಯಲ್ಲಿ ಇಲ್ಲ. ಯುರೋಪಿನವರಿಗೆ 2018ರಿಂದಲೇ ಇದೆ. ಅದಿರಲಿ, ನಮ್ಮ ಅಂಗಳದ ಮಳೆ 'ವೈಯಕ್ತಿಕ' ಮಾಹಿತಿ ಎಂದು ಯಾರು ಒಪ್ಪುತ್ತಾರೆ?

ಹಳೆಯ ಪುಸ್ತಕಗಳ ಟೈಪಿಂಗ್ 1983ರ ತನಕ ಬಂದಿದೆ. ಅಂಕಿಗಳನ್ನು ಅಲ್ಪವಿರಾಮ ಹಾಕಿ ಸಾಲಾಗಿ ಬರೆಯುವ ಸಾದಾ ಸಿಎಸ್‌ವಿ ಫೈಲ್, ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ಅಜ್ಜನ 1 ಮತ್ತು 7 ಒಂದೇ ಥರ ಕಾಣುತ್ತವೆ, ಅನುಮಾನ ಬಂದ ಕಡೆ ಅಪ್ಪನನ್ನು ಕೇಳುತ್ತೇನೆ. ಅವರು ಹೊಸ ನೋಟ್‌ಬುಕ್ ತಂದು ಮತ್ತೆ ಬರೆಯಲು ಶುರು ಮಾಡಿದ್ದಾರೆ. ಪುಷ್ಯ ಮಳೆ ಜೋರಾಗಿದೆ. ಇವತ್ತಿನದು 2 ಇಂಚು 35 ಸೆಂಟ್. ಪುಸ್ತಕಕ್ಕೆ ಬರೆದಾಯಿತು, ನಾನಿನ್ನೂ ಫೈಲಿಗೆ ಹಾಕಿಲ್ಲ.