ಕೂಸಿಗೆ ತಡೆ, ಬೆಕ್ಕಿಗೆ ದಾರಿ

ಮಗಳು ಅಂಬೆಗಾಲಿಡುತ್ತಾ ಒಲೆಯ ಬುಡಕ್ಕೇ ಬರತೊಡಗಿದ ಮೇಲೆ, ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಮನೆಯ ಅಡುಗೆಮನೆಗೆ ಅರ್ಧ ಬಾಗಿಲೊಂದನ್ನು ಕೂರಿಸಲೇಬೇಕಾಯಿತು. ಆದರೆ ನಮ್ಮ ಬೆಕ್ಕುಗಳಾದ ಕೆಂಚಿ ಮತ್ತು ಕರಿಯನ ಮರಳಿನ ಟ್ರೇ ಇರುವುದು ಅಡುಗೆಮನೆಯನ್ನು ದಾಟಿ ಹೋಗಬೇಕಾದ ಹಿಂದಿನ ಬಚ್ಚಲಿನಲ್ಲಿ. ಕೂಸು ಹುಟ್ಟಿದ ಮನೆಯಲ್ಲಿ ಬೆಕ್ಕೇಕೆ ಎಂದು ಕೇಳಿದವರು ಹಲವರು. ಊರಿನಿಂದ ಬರುವ ಮೆಕ್ಕೆಜೋಳದ ಚೀಲಗಳನ್ನು ಇಲಿಗಳಿಂದ ಕಾಯ್ದದ್ದು ಯಾರೆಂದು ಬಲ್ಲ ನಮ್ಮ ಅತ್ತೆಯವರು ಆ ಮಾತನ್ನು ಮುಂದುವರಿಯಲು ಬಿಡಲಿಲ್ಲ.

ಭಾನುವಾರ ಬಡಗಿ ಬಂದಾಗ, ಬಾಗಿಲಿನ ಕೆಳಭಾಗದಲ್ಲಿ ಬೆಕ್ಕು ನುಸುಳುವಷ್ಟು ಕಿಂಡಿ ಬಿಟ್ಟರೆ ಸಾಕಲ್ಲವೇ ಎಂದು ನಮ್ಮ ಯಜಮಾನರು ಕೇಳಿದರು. ಆತ ಉತ್ತರಿಸುವ ಮೊದಲು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಹಲಗೆಯ ಮೇಲೆ ಒಂದು ಗೇಣಿಗಿಂತ ಕಡಿಮೆ ಅಗಲದ ಚೌಕ ಗೀಚಿದರು. ಬಳಿಕ ಅತ್ತೆಯ ತೊಡೆಯ ಮೇಲಿದ್ದ ಮಗಳ ತಲೆಯ ಎರಡೂ ಬದಿಗೆ ಅಂಗೈಗಳನ್ನು ಮುಟ್ಟಿಯೂ ಮುಟ್ಟದಂತೆ ಹಿಡಿದು, ಆ ಅಂತರವನ್ನು ಹಾಗೆಯೇ ತಂದು ಚೌಕದ ಮೇಲಿಟ್ಟರು. "ಕಿಂಡಿ ಬ್ಯಾಡ್ರಿ ಅಣ್ಣ. ಮೈ ದಾಟಿ ಹೋಗುತ್ತೆ, ತಲಿ ಸಿಕ್ಕಾಕಿಕೊಳ್ಳುತ್ತೆ," ಎಂದರು. ಅವರ ಅಂದಾಜು ಸರಿಯಾಗಿತ್ತು. ಮಕ್ಕಳ ಆಟದ ಸಲಕರಣೆಗಳಲ್ಲಿ ಸುಮಾರು 9ರಿಂದ 23 ಸೆಂಟಿಮೀಟರ್ ನಡುವಿನ ಸಂದುಗಳನ್ನು ತಲೆ ಸಿಕ್ಕಿಕೊಳ್ಳುವ ಅಪಾಯದ ಅಳತೆ ಎಂದೇ ಪರಿಗಣಿಸುತ್ತಾರೆ. ಬೆಳೆದ ಬೆಕ್ಕು ಸಲೀಸಾಗಿ ದಾಟುವ ಕಿಂಡಿಯ ಅಳತೆಯೂ ಅದರೊಳಗೇ ಬೀಳುತ್ತದೆ. ಹೀಗಾಗಿ ನೆಲಮಟ್ಟದಲ್ಲಿ ಇಬ್ಬರಿಗೂ ಹೊಂದುವ ಬಾಗಿಲು ಸಾಧ್ಯವೇ ಇರಲಿಲ್ಲ. ಬಾಗಿಲಿನ ಪಟ್ಟಿಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದೆಂದು ತೀರ್ಮಾನಿಸಿ, ಬೆಕ್ಕಿನ ದಾರಿಯನ್ನು ಮೇಲಕ್ಕೆ ಒಯ್ದೆವು.

ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ತಟ್ಟೆ-ಲೋಟ ದಾಟಿಸುವ ಕಿಂಡಿಯೊಂದು ಮೊದಲಿನಿಂದಲೂ ಇದೆ. ಕರಿಯನಿಗೆ ಅಲ್ಲಿಗೆ ಒಂದೇ ನೆಗೆತ. ಕೆಂಚಿಗೆ ವಯಸ್ಸಾಗಿದೆ, ಹಿಂಗಾಲು ಬಿಗಿಯುತ್ತದೆ. ಅವಳಿಗೆ ಮೆಟ್ಟಿಲು ಮಾಡಿದರೆ ಮಗಳಿಗೂ ಮೆಟ್ಟಿಲು ಮಾಡಿಕೊಟ್ಟಂತಾಗುತ್ತದೆ ಎಂಬ ಚಿಂತೆ ನನ್ನನ್ನು ಬಹಳ ಹೊತ್ತು ಕಾಡಿತು. ಕೊನೆಗೆ ಅರ್ಧ ಬಾಗಿಲಿನಿಂದ ಸಾಕಷ್ಟು ದೂರದಲ್ಲಿ, ನೆಲದಿಂದ ಎರಡು ಅಡಿ ಎತ್ತರಕ್ಕೆ ಕಿರಿದಾದ ಹಲಗೆಯೊಂದನ್ನು ಗೋಡೆಗೆ ಬಿಗಿದು, ಉಗುರಿಗೆ ಹಿಡಿತ ಸಿಗಲೆಂದು ಅದರ ಮೇಲೆ ಗೋಣಿತಟ್ಟು ಹೊಡೆಸಿದೆವು. ಅಲ್ಲಿಂದ ಕಿಂಡಿ ಅವಳಿಗೆ ಎಟುಕುತ್ತದೆ. ಹತ್ತಿರದಲ್ಲಿದ್ದ ಸ್ಟೂಲನ್ನೂ ಕುರ್ಚಿಯನ್ನೂ ಬೇರೆ ಕೋಣೆಗೆ ಸಾಗಿಸಿದೆವು. ಕಿಂಡಿಯ ಆಚೆ, ಒಲೆಯಿಂದ ದೂರವಿರುವ ಕಟ್ಟೆಯ ತುದಿಯಲ್ಲಿ ಈಗ ಪಾತ್ರೆಗಳನ್ನಿಡುವುದಿಲ್ಲ.

ಮರಳಿನ ಟ್ರೇಯನ್ನು ದಿನವೂ ಶುಚಿಮಾಡುವುದು ಬರೀ ವಾಸನೆಯ ಕಾರಣಕ್ಕಲ್ಲ. ಬೆಕ್ಕಿನ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಸೋಂಕು ತಗಲಿಸುವ ಹಂತಕ್ಕೆ ಬೆಳೆಯಲು ಸಾಮಾನ್ಯವಾಗಿ 1ರಿಂದ 5 ದಿನ ಬೇಕು. ಅದಕ್ಕೆ ಮೊದಲೇ ತೆಗೆದುಬಿಟ್ಟರೆ ಅಪಾಯ ಬಹಳ ಕಡಿಮೆಯಾಗುತ್ತದೆ. ನೀರು ಬಿಟ್ಟ ದಿನ ತುಂಬಿಡುವ ಬಕೆಟ್‌ಗಳಿಗೆಲ್ಲ ಬಿಗಿಯಾದ ಮುಚ್ಚಳ ಬಂತು, ಏಕೆಂದರೆ ಪುಟ್ಟ ಮಕ್ಕಳು ಬಕೆಟ್ಟಿನ ತಳದ ಅಲ್ಪ ನೀರಿನಲ್ಲೂ ಮುಳುಗಬಲ್ಲರು. ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯುವ ರೂಢಿಯಿದ್ದ ಕರಿಯನಿಗೆ ಕಟ್ಟೆಯ ಮೇಲೆ ಬೇರೆ ಬಟ್ಟಲು ಇಟ್ಟೆ.

ನೆಲದ ವಿಷಯದಲ್ಲಿ ಮಾತ್ರ ಕೂಸು, ಬೆಕ್ಕು ಎಂಬ ಭೇದವೇ ಬರಲಿಲ್ಲ. ಒಬ್ಬಳು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತಾಳೆ, ಇನ್ನೆರಡು ನೆಲ ತುಳಿದ ಪಾದವನ್ನು ನೆಕ್ಕುತ್ತವೆ. ಫೀನಾಲ್ ಬಗೆಯ ದ್ರಾವಣಗಳನ್ನು ನಿವಾರಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಆದ್ದರಿಂದ ಫಿನೈಲ್ ಬಿಟ್ಟು ಸೋಪಿನ ನೀರಿನಿಂದ ಒರೆಸಿ, ಮತ್ತೆ ಬರೀ ನೀರಿನಿಂದ ಒರೆಸುತ್ತೇವೆ. ಬೀರುವಿನಲ್ಲಿದ್ದ ನುಸಿಗುಳಿಗೆಗಳನ್ನೂ ಮನೆಯಿಂದ ಹೊರಹಾಕಿದೆವು.

ಈ ಏರ್ಪಾಡು ಮಗಳು ಹತ್ತುವುದನ್ನು ಕಲಿಯುವವರೆಗೆ ಮಾತ್ರ. ಅದನ್ನು ತಿಳಿದೇ ಬಡಗಿ ಗೋಡೆಗೆ ಹೊಡೆದ ಉದ್ದನೆಯ ಪಟ್ಟಿಯಲ್ಲಿ ಒಂದರ ಮೇಲೊಂದು ತಿರುಪಿನ ತೂತುಗಳನ್ನು ಕೊರೆದು ಹೋಗಿದ್ದಾರೆ. ಮಗಳು ಬೆಳೆದಂತೆ ಹಲಗೆಯನ್ನು ಮೇಲಕ್ಕೇರಿಸಬಹುದು, ಕೆಂಚಿಗೆ ಅದು ಎಟುಕದಂತಾದಾಗ ಟ್ರೇಯನ್ನೇ ಈಚೆಗೆ ತರಬೇಕಾಗುತ್ತದೆ.