ಅವಸರಕ್ಕೂ ಅವಕಾಶಕ್ಕೂ ನಡುವೆ

ಮಲಯಾಳದಲ್ಲಿ ‘ಅವಸರಂ’ ಎಂದರೆ ಅವಕಾಶ; ‘ಅವಕಾಶಂ’ ಎಂದರೆ ಹಕ್ಕು. ಕಾಸರಗೋಡಿನ ಕನ್ನಡಿಗರಿಗೆ ಇದು ಶಾಲೆಯ ದಿನಗಳಿಂದಲೂ ತಮಾಷೆಯ ವಿಷಯ. ಆದರೆ ಮೂವತ್ತೇಳನೆಯ ವಯಸ್ಸಿನಲ್ಲಿ, ಮಂಗಳೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರದ ಕೆಲಸವನ್ನು ಬಿಟ್ಟು ಅನುವಾದವನ್ನೇ ಕಸುಬಾಗಿ ಮಾಡಿಕೊಳ್ಳಲು ಹೊರಟಾಗ, ಮಲಯಾಳದ ‘ಅವಸರ’ದ ಹಿಂದೆ ನಾನು ನಮ್ಮ ಕನ್ನಡದ ಅವಸರದಲ್ಲಿಯೇ ಓಡಿದೆ. ಕೆಲಸ ಬದಲಾಯಿಸುವ ಯೋಚನೆಯಲ್ಲಿರುವ ಗೆಳೆಯರಿಬ್ಬರು ಈಚೆಗೆ ನನ್ನ ಅನುಭವವನ್ನು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಭಾಷೆ ಬಂದರೆ ಕಸುಬೂ ಬಂದಂತೆ ಎಂದು ತಿಳಿದದ್ದು ನನ್ನ ದೊಡ್ಡ ತಪ್ಪು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಆದ್ದರಿಂದ ಇಲ್ಲಿನ ಹಳೆಯ ಆಸ್ತಿಪತ್ರಗಳು ಹೆಚ್ಚಾಗಿ ಕನ್ನಡದಲ್ಲಿವೆ. ಇಂದು ಅವನ್ನು ನೋಡಬೇಕಾದ ವಕೀಲರಿಗೂ ಬ್ಯಾಂಕಿನವರಿಗೂ ಅನೇಕ ವೇಳೆ ಕನ್ನಡ ಬಾರದು. ಕನ್ನಡ, ಮಲಯಾಳ ಎರಡನ್ನೂ ಓದಿ ಬರೆಯಬಲ್ಲ ನನಗೆ ಕೆಲಸಕ್ಕೆ ಬರಗಾಲವಿಲ್ಲ ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ಸುಳ್ಳಾಗಿರಲಿಲ್ಲ, ಅಪೂರ್ಣವಾಗಿತ್ತು.

ಮೊದಲು ಕೈಗೆ ಬಂದ ಕಾಗದಗಳಲ್ಲಿ ಒಂದು ಕಡೆ ‘ಮೂಲಗೇಣಿ’, ಇನ್ನೊಂದು ಕಡೆ ‘ಚಾಲಗೇಣಿ’ ಎಂದಿತ್ತು. ಎರಡಕ್ಕೂ ಮಲಯಾಳದಲ್ಲಿ ‘ಪಾಟ್ಟಂ’ (ಗೇಣಿ) ಎಂದಷ್ಟೇ ಬರೆದು, ಅಚ್ಚುಕಟ್ಟಾಗಿ ಟೈಪ್ ಮಾಡಿ, ಆಸ್ತಿಪತ್ರ ಬರೆಯುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಜಾಗದಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿದರು. “ನಿಮಗೆ ಭಾಷೆ ಗೊತ್ತುಂಟು ಮಾರಾಯ್ರೇ, ಕಾಗದ ಗೊತ್ತಿಲ್ಲ” ಎಂದರು. ಮೂಲಗೇಣಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ಉಳಿಯುವ ಶಾಶ್ವತ ಗೇಣಿ. ಚಾಲಗೇಣಿ ಅವಧಿಯದ್ದು, ಒಡೆಯನಿಗೆ ಬಿಡಿಸಿಕೊಳ್ಳಲು ಬರುವಂಥದ್ದು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ರದ್ದಾಗಿದ್ದರೂ, ಜಾಗ ಯಾರಿಂದ ಯಾರಿಗೆ ಹೇಗೆ ಬಂತು ಎಂದು ಹಿಂದಕ್ಕೆ ಹುಡುಕುತ್ತ ಹೋಗುವ ವಕೀಲರಿಗೆ ಈ ವ್ಯತ್ಯಾಸ ಬೇಕೇ ಬೇಕು. ವರ್ಗ ಜಾಗಕ್ಕೆ, ಅಂದರೆ ತೀರ್ವೆ ಕಟ್ಟುವ ಸ್ವಂತ ಜಾಗಕ್ಕೆ, ತಾಗಿದ ಕುಮ್ಕಿಯನ್ನು ಸ್ವಂತ ಆಸ್ತಿ ಎಂಬ ಅರ್ಥ ಬರುವಂತೆ ಬರೆದದ್ದನ್ನೂ ಅವರೇ ಹಿಡಿದರು. ಕುಮ್ಕಿ ಎಂದರೆ ಪಕ್ಕದ ಸರಕಾರಿ ಜಾಗದಲ್ಲಿ ಸೊಪ್ಪು ಕಡಿಯಲು, ದನ ಮೇಯಿಸಲು ಇದ್ದ ಸವಲತ್ತೇ ಹೊರತು ಒಡೆತನವಲ್ಲ.

ಆಮೇಲೆ ಸುಮಾರು ಎಂಟು ತಿಂಗಳು ನಾನು ಅವರ ಜಗಲಿಯಲ್ಲಿ ಕುಳಿತು ಕಲಿತೆ. ಆ ಎಂಟು ತಿಂಗಳನ್ನು ಸಂಬಳ ಬರುತ್ತಿದ್ದಾಗಲೇ ಕಳೆಯಬಹುದಿತ್ತು ಎಂಬುದು ನನ್ನ ಕೊರಗು. ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದ ನನಗೆ ಆದಿತ್ಯವಾರಗಳಾದರೂ ಇದ್ದವು. ಹೊಸ ಕೆಲಸದ ಬಗ್ಗೆ ನಾನು ವಿಚಾರಿಸಿದ್ದು ಆ ಕೆಲಸ ಮಾಡಿಸುವವರ ಹತ್ತಿರ. ಮಾಡುವವರ ಹತ್ತಿರ ಒಮ್ಮೆಯೂ ಕೇಳಿರಲಿಲ್ಲ. ಮಾಡಿಸುವವರು ಸಹಜವಾಗಿಯೇ, ಜನ ಸಿಗುವುದಿಲ್ಲ, ನೀವು ಬನ್ನಿ ಎಂದಿದ್ದರು. ಹಣ ಯಾವಾಗ ಕೈಗೆ ಬರುತ್ತದೆ, ಹಳೆಯ ಕೈಬರಹದ ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೆಲ್ಲ ಮಾಡುವವರೇ ಹೇಳಬೇಕು. ನಾನು ಪುಟಕ್ಕೆ ಇಷ್ಟು ಎಂದು ದರ ಒಪ್ಪಿಕೊಂಡಿದ್ದೆ. ಇಕ್ಕಟ್ಟಾಗಿ ಬರೆದ ಒಂದು ಪುಟ ಟೈಪಿನಲ್ಲಿ ಮೂರು ಪುಟವಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಎರಡನೆಯ ತಪ್ಪು ದುಡ್ಡಿನ ಲೆಕ್ಕದ್ದು. ಲೆಕ್ಕಪತ್ರದವನಾಗಿಯೂ ಇಲ್ಲಿ ಎಡವಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆರು ತಿಂಗಳ ಮನೆಖರ್ಚನ್ನು ತೆಗೆದಿಟ್ಟಿದ್ದೆ. ಆದರೆ ಹಿಂದಿನ ಜನವರಿ, ಫೆಬ್ರವರಿಯ ಖರ್ಚನ್ನು ನೋಡಿ ಅದನ್ನು ಆರರಿಂದ ಗುಣಿಸಿದ್ದೆ. ರಾಜೀನಾಮೆ ಕೊಟ್ಟದ್ದು ಮೇಯಲ್ಲಿ. ಜೂನ್ ಬಂದಾಗ ಮಕ್ಕಳ ಶಾಲೆ, ಮನೆಯ ಮಾಡಿನ ರಿಪೇರಿ, ಅಡಿಕೆ ತೋಟದ ಕೊಳೆರೋಗದ ಮದ್ದಿಗೆ ಮೈಲುತುತ್ತು, ಸುಣ್ಣ, ಅದನ್ನು ಬಿಡುವವರ ಕೂಲಿ ಎಲ್ಲವೂ ಒಟ್ಟಿಗೆ ಬಂದವು. ನಮ್ಮದು ಸಣ್ಣ ತೋಟವಾದರೂ ಕೊಳೆರೋಗ ಅದನ್ನು ನೋಡಿ ಬಿಡುವುದಿಲ್ಲ. ಆರು ತಿಂಗಳಿಗೆಂದು ಇಟ್ಟ ಹಣ ಮೂರೂವರೆ ತಿಂಗಳಿಗೆ ಮುಗಿಯಿತು. ತೆಗೆದಿಡುವವರು ಇಡೀ ವರ್ಷದ ಖರ್ಚನ್ನು ಕೂಡಿಸಿ, ಹನ್ನೆರಡರಿಂದ ಭಾಗಿಸಿ ನೋಡುವುದು ಒಳ್ಳೆಯದು.

ಪಿಎಫ್‌ನ ವಿಷಯವೂ ಇದೆ. ಅದರ ಜೊತೆಗಿರುವ 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ನಾನು ಒಂಬತ್ತು ವರ್ಷ ಎರಡು ತಿಂಗಳಿಗೆ ಹೊರಬಂದೆ. ಹಾಗೆ ಬಂದವರಿಗೂ ಆ ಹಣವನ್ನು ಹಿಂಪಡೆಯದೆ ಯೋಜನಾ ಪ್ರಮಾಣಪತ್ರ (ಸ್ಕೀಮ್ ಸರ್ಟಿಫಿಕೇಟ್) ಪಡೆದುಕೊಂಡು, ಮುಂದೆ ಪಿಎಫ್ ಇರುವ ಬೇರೆ ಕೆಲಸಕ್ಕೆ ಸೇರಿದರೆ ಹಳೆಯ ಸೇವೆಯನ್ನು ಅದಕ್ಕೆ ಕೂಡಿಸಿಕೊಳ್ಳುವ ದಾರಿ ಇದೆ. ನಾನು ಜೂನಿನ ಹೊಡೆತಕ್ಕೆ ಹೆದರಿ ಹಿಂಪಡೆದೆ. ಅಲ್ಲಿಗೆ ಒಂಬತ್ತು ವರ್ಷದ ಲೆಕ್ಕ ಅಳಿಸಿಹೋಯಿತು. ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಯಿಟಿ ಮಾತ್ರ ಕೈತಪ್ಪಲಿಲ್ಲ.

ಆರೋಗ್ಯ ವಿಮೆಯನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಕಂಪನಿಯ ಗುಂಪು ವಿಮೆ ಕೆಲಸದೊಂದಿಗೇ ಮುಗಿಯುತ್ತದೆ. ಹೊಸದಾಗಿ ಮಾಡಿಸಿದರೆ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು, ಆದ್ದರಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಬಗ್ಗೆ ಕೆಲಸದಲ್ಲಿರುವಾಗಲೇ ವಿಚಾರಿಸಬೇಕು.

ಇನ್ನು ಹಳೆಯ ಕಸುಬು. ಲೆಕ್ಕ ಬರೆದು ಬೇಸತ್ತಿದ್ದ ನಾನು, ಇನ್ನು ಅದರ ಸುದ್ದಿಯೇ ಬೇಡ ಎಂದು ಪುಸ್ತಕಗಳನ್ನೂ ಹಂಚಿಬಿಟ್ಟಿದ್ದೆ. ಆದರೆ ನನಗೆ ಬೇಸರವಿದ್ದದ್ದು ಲೆಕ್ಕದ ಮೇಲಲ್ಲ, ದಿನಕ್ಕೆ ಮೂರು ಗಂಟೆಯ ಓಡಾಟದ ಮೇಲೆ ಮತ್ತು ಮೇಲಧಿಕಾರಿಯೊಬ್ಬರ ಬಾಯಿಯ ಮೇಲೆ. ಇವನ್ನು ಬೇರ್ಪಡಿಸಿ ನೋಡುವ ತಾಳ್ಮೆ ಆಗ ನನಗಿರಲಿಲ್ಲ. ಕೈ ಖಾಲಿಯಾದ ಮೇಲೆ, ಪೇಟೆಯ ಅಂಗಡಿಯವರೊಬ್ಬರು ತಾವಾಗಿಯೇ ಕರೆದು ಜಿಎಸ್‌ಟಿ ಕೆಲಸ ಕೊಟ್ಟರು. ಈಗ ಅಂಥ ನಾಲ್ಕು ಅಂಗಡಿಗಳಿವೆ. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಆ ದಿನಗಳು ಹತ್ತಿರ ಬಂದಾಗ ಮೂಲಗೇಣಿಯ ಕಾಗದಗಳನ್ನು ಕಪಾಟಿನೊಳಗಿಟ್ಟು ಬಿಲ್ಲಿನ ಕಟ್ಟುಗಳನ್ನು ಮೇಜಿನ ಮೇಲೆ ಹರಡುತ್ತೇನೆ.