ಧಾರೆ ಸೀರೆ ಕೊನೆಗೂ ಬೆಳ್ಳಗಾಯಿತು

ನಾನು ಫೋಟೋ ತೆಗೆದ ಮದುವೆಯ ಆಲ್ಬಂನಲ್ಲಿ ಧಾರೆ ಪುಟ ಅಂತೂ ಪಾಸಾಯಿತು! ಶೂಟ್, ಕಲ್ಲಿಂಗ್ (ಒಳ್ಳೆಯ ಫೋಟೋ ಆರಿಸುವುದು), ಬ್ಯಾಕಪ್ ಎಲ್ಲ ಎಂದಿನಂತೆಯೇ. ನೇರವಾಗಿ ತಲೆನೋವಿಗೆ ಬರುತ್ತೇನೆ.

ನನ್ನ ಫೋಟೋಗಳ ಸ್ಟೈಲ್ ಹೀಗೆ: ಫ್ಲ್ಯಾಶ್ ಇಲ್ಲ, ನೆರಳು ಗಾಢ, ಎಲ್ಲದರ ಮೇಲೂ ಒಂದಿಷ್ಟು ವಾರ್ಮ್ ಟೋನ್, ಅಂದರೆ ಹಳದಿ ಛಾಯೆ. ಮದುಮಗಳು ಅದು ಇಷ್ಟವಾಗಿಯೇ ನನ್ನನ್ನು ಕರೆದಿದ್ದು. ಆದರೆ ಆಲ್ಬಂ ಒಪ್ಪಬೇಕಾದವರು ಅವಳ ಅಮ್ಮ. ಪ್ರೂಫ್ (ಒಪ್ಪಿಗೆಗೆ ಕಳಿಸುವ ಮಾದರಿ ಪುಟ) ನೋಡಿದವರೇ, "ಏನಪ್ಪಾ ಇದು, ಬಿಳಿ ಧಾರೆ ಸೀರೆ ಉಡಿಸಿದ್ರೆ ನೀನು ಅರಿಶಿನದಲ್ಲಿ ಅದ್ದಿ ತೆಗೆದಿದ್ದೀಯಲ್ಲ!" ಅಂದರು.

ಕತ್ತಲು ಜಾಸ್ತಿ ಅಂದಿದ್ದರೆ ವಾದ ಮಾಡುತ್ತಿದ್ದೆ. ಸೀರೆ ಬಣ್ಣಕ್ಕೆ ಏನು ವಾದ? ಆ ಕೆಂಪಂಚಿನ ಬಿಳಿ ಸೀರೆಗಾಗಿ ಅಂಗಡಿ ಅಂಗಡಿ ಸುತ್ತಿದವರು ಅವರು. ಹಾಗಾಗಿ ಒಪ್ಪಂದ ಆಯಿತು: ನೆರಳಿಗೆ ಅವರು ಕೈ ಹಾಕುವ ಹಾಗಿಲ್ಲ, ಸೀರೆಗೆ ನಾನು ಹಾಕುವ ಹಾಗಿಲ್ಲ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಮಂಟಪದ ಎಡಕ್ಕೆ ಕಿಟಕಿ, ಸುಮಾರು 5500 ಕೆಲ್ವಿನ್‌ನ ಹಗಲು ಬೆಳಕು (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಮ್ಮಿಯಾದಷ್ಟೂ ಹಳದಿ). ಬಲಕ್ಕೆ ಇನ್ನೂ ಹ್ಯಾಲೋಜನ್ ಬಿಡದ ವಿಡಿಯೋದವರು, 3200ರ ಆಸುಪಾಸು. ಬಿಳಿಯನ್ನು ಬಿಳಿಯಾಗಿ ಕಾಣಿಸುವ ವೈಟ್ ಬ್ಯಾಲೆನ್ಸ್ ನಡುವೆ ಎಲ್ಲೋ ಇಟ್ಟರೆ ಸೆರಗು ನೀಲಿ, ನೆರಿಗೆ ಹಳದಿ. "ಇದೇ ಬಿಳಿ" ಅಂತ ತೋರಿಸುವ ಐಡ್ರಾಪರ್ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಕೆಡುತ್ತದೆ. ಸರಿ ಅಂತ, ಒಂದೊಂದು ಬಣ್ಣವನ್ನೂ ಬೇರೆಯಾಗಿ ತಿದ್ದುವ ಎಚ್‌ಎಸ್‌ಎಲ್‌ನಲ್ಲಿ ಹಳದಿಯನ್ನೇ ಇಳಿಸಿದೆ. ಸೀರೆ ಬೆಳ್ಳಗಾಯಿತು, ಜೊತೆಗೆ ಅಕ್ಷತೆಯೂ ಬೆಳ್ಳಗಾಯಿತು! ತೆಂಗಿನಕಾಯಿಗೆ ಹಚ್ಚಿದ್ದ ಅರಿಶಿನ ಬಣ್ಣಗೆಟ್ಟಿತು, ಜರಿ ಮಂಕಾಯಿತು. ಮದುವೆ ಮನೆಯ ಕಳೆಯೇ ಹೋಯಿತು.

ದಾರಿ ಸಿಕ್ಕಿದ್ದು ಮಾಸ್ಕ್‌ನಲ್ಲಿ, ಅಂದರೆ ಫೋಟೋದ ಒಂದು ಭಾಗವನ್ನಷ್ಟೇ ಆರಿಸಿ ತಿದ್ದುವುದರಲ್ಲಿ. ಮದುಮಗಳ ಬಟ್ಟೆಯನ್ನು ಮಾತ್ರ ಸೆಲೆಕ್ಟ್ ಮಾಡಿ, ಲ್ಯೂಮಿನನ್ಸ್ ರೇಂಜ್ ಜೊತೆ ಇಂಟರ್‌ಸೆಕ್ಟ್ ಮಾಡಿದೆ, ಅಂದರೆ ಬಟ್ಟೆಯಲ್ಲಿ ಬೆಳ್ಳಗಿರುವ ಭಾಗ ಮಾತ್ರ ಉಳಿಸಿಕೊಂಡೆ. ಕೆಂಪಂಚು ಗಾಢ ಇದ್ದಿದ್ದರಿಂದ ತಾನೇ ಹೊರಗುಳಿಯಿತು. ಹೊಳೆಯುವ ಜರಿಯನ್ನು ಬ್ರಷ್ ಹಿಡಿದು ಮಾಸ್ಕ್‌ನಿಂದ ಕಳೆದೆ. ಆಮೇಲೆ ಮಾಸ್ಕನ್ನು ಎರಡು ಮಾಡಿ, ಹ್ಯಾಲೋಜನ್ ಬಿದ್ದ ಕಡೆ ಟೆಂಪರೇಚರ್ ಸ್ಲೈಡರನ್ನು ನೀಲಿಯತ್ತ ಇಳಿಸಿದೆ, ಕಿಟಕಿ ಕಡೆ ಹಳದಿಯತ್ತ ಒಂಚೂರು ಏರಿಸಿದೆ. ಇಲ್ಲಿ ಆಸೆ ಮಾಡಬೇಡಿ. ಪೂರ್ತಿ ಬಿಳಿ ಮಾಡಿದರೆ ರೇಷ್ಮೆ ಹೋಗಿ ಆಸ್ಪತ್ರೆಯ ಬೆಡ್‌ಶೀಟ್ ಆಗುತ್ತದೆ. ಸ್ವಲ್ಪ ಕೆನೆಬಣ್ಣ ಉಳಿಯಲೇಬೇಕು. ಮುಖಗಳು, ಹಿನ್ನೆಲೆ, ಕೈ ಮೇಲೆ ಸುರಿಯುವ ಧಾರೆ ನೀರು, ಇವೆಲ್ಲ ನನ್ನ ಟೋನ್‌ನಲ್ಲೇ ಇವೆ. ಅಮ್ಮ ಅದರ ಬಗ್ಗೆ ಚಕಾರ ಎತ್ತಲಿಲ್ಲ.

ಎತ್ತಿದ್ದು ಆಲ್ಬಂ ಪ್ರಿಂಟ್ ಮಾಡುವ ಲ್ಯಾಬ್‌ನವರು. ಸ್ಯಾಂಪಲ್ ಶೀಟ್ ಬಂತು, ನೋಡಿದರೆ ಸೀರೆ ಮತ್ತೆ ಹಳದಿ, ನೆರಳೆಲ್ಲ ತೊಳೆದು ಹೋಗಿದೆ. "ಸರ್, ಡಾರ್ಕ್ ಇತ್ತು, ನಾವೇ ಸರಿ ಮಾಡಿದ್ವಿ." ಇಬ್ಬರ ಸ್ಟೈಲ್ ಹೊಂದಿಸುವಷ್ಟರಲ್ಲಿ ಮೂರನೆಯವರದ್ದೂ ಒಂದಿದೆ ಅಂತ ಗೊತ್ತಾಯಿತು! ಈಗ ಆರ್ಡರ್‌ನಲ್ಲಿ "ಕರೆಕ್ಷನ್ ಬೇಡ" ಅಂತ ದಪ್ಪಕ್ಷರದಲ್ಲಿ ಬರೆದು, ಫೋನ್ ಮಾಡಿಯೂ ಹೇಳುತ್ತೇನೆ.

ಈ ಸಿಟ್ಟಿಗೇ ಮುಂದಿನ ಪ್ರಾಜೆಕ್ಟ್ ಸೈನೋಟೈಪ್. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ನೀಲಿ ಬಣ್ಣದ ಫೋಟೋ ಪ್ರಿಂಟ್ ಮಾಡುವ ವಿಧಾನ. ಎರಡು ಕೆಮಿಕಲ್, ಬಿಸಿಲು, ನಲ್ಲಿ ನೀರು, ಅಷ್ಟೇ. ಲ್ಯಾಬೂ ಇಲ್ಲ, ಕ್ಲೈಂಟೂ ಇಲ್ಲ, ಇರುವುದು ನೀಲಿ ಒಂದೇ. ಆ ಎರಡರಲ್ಲಿ ಒಂದಾದ ಫೆರಿಕ್ ಅಮೋನಿಯಂ ಸಿಟ್ರೇಟ್ ತರಿಸಿದೆ. ಪ್ಯಾಕೆಟ್ ಸರಿಯಾಗಿ ಸೀಲ್ ಮಾಡದೆ ಕಳಿಸಿದ್ದಾರೆ, ತೇವ ಕುಡಿದು ಗಡ್ಡೆ ಕಟ್ಟಿದೆ. ಬದಲಿ ಕೇಳಿದರೆ "ಕುಟ್ಟಿ ಉಪಯೋಗಿಸಿ" ಅಂತೆ.

ಅದಕ್ಕೂ ಮೊದಲು ಆರತಕ್ಷತೆ ಪುಟಗಳಿವೆ. ಸ್ಟೇಜ್ ಪೂರ್ತಿ ನೇರಳೆ ಎಲ್‌ಇಡಿ, ಮುಖಗಳೂ ನೇರಳೆ. ಗಂಡಿನ ಕಡೆಯವರಿಗೆ ಆ ನೇರಳೆ ಹಾಗೇ ಇರಬೇಕಂತೆ, ಮುಖ ಮಾತ್ರ ಬೆಳ್ಳಗಿರಬೇಕಂತೆ. ಯಾರಾದರೂ ಇದಕ್ಕೆ ಮಾಸ್ಕ್ ಕಟ್ಟಿದ್ದರೆ ದಯವಿಟ್ಟು ಹೇಳಿ.